ಆರನೇ ಹೊಂಡದ ರಕ್ತ

ಸಿಗಡಿಯ ಕೆಲಸಕ್ಕೆ ಬರುವ ಮೊದಲು ಅವಳು ಒಂಬತ್ತು ವರ್ಷ ಮನುಷ್ಯರ ರಕ್ತ ತೆಗೆದಿದ್ದಳು. ಪೇಟೆಯ ಒಂದು ಸಣ್ಣ ಲ್ಯಾಬಿನಲ್ಲಿ ಬೆಳಿಗ್ಗೆ ಏಳಕ್ಕೆ ಕೂತರೆ ಹನ್ನೊಂದರವರೆಗೂ ಅದೇ ಕೆಲಸ. ಬಂದವರೆಲ್ಲ ಮುಖ ಕಿವುಚುವುದು, ತೋಳು ಹಿಂದಕ್ಕೆ ಎಳೆದುಕೊಳ್ಳುವುದು, ಸೂಜಿ ಚರ್ಮಕ್ಕೆ ತಾಗುವ ಮೊದಲೇ ಅಯ್ಯೋ ಎನ್ನುವುದು. ಅವಳಿಗೆ ಸಾಕುಸಾಕಾಗಿತ್ತು. ಸಿಗಡಿ ಸಾಕುವವರ ಸಂಘದಿಂದ ಕರೆ ಬಂದಾಗ ಅವಳು ಕೇಳಿದ ಮೊದಲ ಪ್ರಶ್ನೆ, ಸಿಗಡಿ ಕೂಗುತ್ತದೆಯೇ ಎಂದು. ಇಲ್ಲ ಎಂದರು. ಮುಂದಿನ ವಾರವೇ ಬಂದು ಸೇರಿಕೊಂಡಳು. ಅದಕ್ಕೀಗ ಹದಿನೇಳು ವರ್ಷ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದು, ಹೊಂಡದವರ ಬಾಯಲ್ಲಿ ಅವಳು ಸೂಜಿಯಕ್ಕ ಆಗಿಹೋದಳು.

ಅವಳ ಕೋಣೆ ಹೊಂಡಗಳ ಏರಿಯ ತುದಿಯಲ್ಲಿ, ಮೇವಿನ ಗೋದಾಮಿಗೆ ಅಂಟಿಕೊಂಡಿದೆ. ಒಂದು ಬಾಗಿಲು, ಅದರ ಎದುರು ಗೋಡೆಯಲ್ಲಿ ಒಂದು ಕಿಟಕಿ, ಪಕ್ಕದ ಗೋಡೆಯಲ್ಲಿ ಸೆಕೆಂಡಿನ ಮುಳ್ಳಿರುವ ಗಡಿಯಾರ, ನಡುವೆ ಒಂದು ಉದ್ದನೆಯ ಮೇಜು. ಮೂಲೆಯಲ್ಲೊಂದು ಫ್ರಿಜ್ಜು, ಅದರ ಬಾಗಿಲು ತಾನಾಗಿ ತೆರೆದುಕೊಳ್ಳುವುದರಿಂದ ಒಂದು ಕಲ್ಲನ್ನು ಆನಿಸಿಟ್ಟಿದ್ದಾಳೆ. ಕೋಣೆಯ ತುಂಬ ಮೇವಿನ ಒಣಮೀನಿನ ವಾಸನೆ. ಹೊಸಬರು ಬಂದು ಮೂಗು ಮುಚ್ಚಿಕೊಂಡರೆ, ಊಟ ನಿಮಗಲ್ಲ ಬಿಡಿ ಎಂದು ಸಮಾಧಾನ ಮಾಡುತ್ತಾಳೆ.

ಮೇಜಿನ ಮೇಲೆ ಎಡಕ್ಕೊಂದು ತಟ್ಟೆ, ಬಲಕ್ಕೊಂದು ತಟ್ಟೆ. ಎಡದ್ದರಲ್ಲಿ ಒಣ ಸಿರಿಂಜುಗಳು. ಬಲದ್ದರಲ್ಲಿರುವ ಸಿರಿಂಜುಗಳಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಒಂದು ದ್ರವವನ್ನು ಎರಡೆರಡು ಹನಿ ಮೊದಲೇ ಎಳೆದಿಟ್ಟಿರುತ್ತಾಳೆ. ಒಣ ಸಿರಿಂಜಿನಲ್ಲಿ ತೆಗೆದ ರಕ್ತ, ಹೆಪ್ಪುಗಟ್ಟುತ್ತದೋ ಇಲ್ಲವೋ ನೋಡುವುದಕ್ಕೆ. ದ್ರವದ ಸಿರಿಂಜಿನದ್ದು ರಕ್ತಕಣ ಎಣಿಸುವುದಕ್ಕೆ. ಎಣಿಸುವ ರಕ್ತ ಹೆಪ್ಪುಗಟ್ಟಿದರೆ ಕಣಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಲೆಕ್ಕವೇ ಸಿಗುವುದಿಲ್ಲ. ಈ ಎಡ ಬಲ ಅವಳ ಕೈಗೆ ಎಷ್ಟು ಒಗ್ಗಿತ್ತೆಂದರೆ ಕಣ್ಣು ಕಟ್ಟಿ ಕೂರಿಸಿದರೂ ತಪ್ಪುತ್ತಿರಲಿಲ್ಲ. ತಟ್ಟೆಗಳಿಗೆ ಚೀಟಿ ಅಂಟಿಸಿಡಿ ಎಂದು ಯಾರೋ ಒಮ್ಮೆ ಹೇಳಿದಾಗ, ನಿಮ್ಮ ಹಲ್ಲಿಗೆ ಚೀಟಿ ಅಂಟಿಸಿಕೊಂಡು ಊಟ ಮಾಡ್ತೀರಾ ಎಂದು ಕೇಳಿದ್ದಳು. ಜಂಬ ಅಂದರೆ ಜಂಬವೇ, ಆದರೆ ಹದಿನೇಳು ವರ್ಷದ ದುಡಿಮೆಗೆ ಅಷ್ಟು ಜಂಬ ಯಾರಿಗಿಲ್ಲ?

ಸಿಗಡಿಯ ರಕ್ತ ಕೆಂಪಲ್ಲ. ನಮ್ಮ ರಕ್ತದಲ್ಲಿ ಕಬ್ಬಿಣವಿದ್ದರೆ ಅದರದ್ದರಲ್ಲಿ ತಾಮ್ರ. ಒಳಗಿರುವಾಗ ಗಂಜಿಯ ತಿಳಿಯ ಹಾಗೆ ಕಾಣುವುದು, ಗಾಳಿ ತಾಗಿದ ಮೇಲೆ ತುಸು ನೀಲಿಗೆ ತಿರುಗುತ್ತದೆ. ಒದ್ದೆ ಬಟ್ಟೆಯಲ್ಲಿ ಸಿಗಡಿಯನ್ನು ಸುತ್ತಿ, ಹೊಟ್ಟೆ ಮೇಲೆ ಮಾಡಿ, ಹಿಂದಿನ ಕಾಲುಗಳ ಬುಡದಲ್ಲಿ ಕೂದಲೆಳೆಯಂಥ ಸೂಜಿ ಚುಚ್ಚಿ ಒಂದು ಹನಿ ಎಳೆಯಬೇಕು. ಆ ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಬಿಟ್ಟು ಗಡಿಯಾರ ನೋಡುತ್ತ ಸೂಜಿಯ ತುದಿಯಿಂದ ಆಗಾಗ ಎತ್ತಿ ನೋಡುತ್ತಾಳೆ. ಆರೋಗ್ಯವಾಗಿರುವ ಸಿಗಡಿಯದ್ದಾದರೆ ಒಂದು ನಿಮಿಷದೊಳಗೆ ಹನಿ ಗಟ್ಟಿಯಾಗಿ, ಸೂಜಿಯ ಹಿಂದೆ ಸಣ್ಣ ದಾರ ಎದ್ದು ಬರುತ್ತದೆ. ಬಿಳಿಚುಕ್ಕೆ ರೋಗದ ವೈರಸ್ ಹೊಕ್ಕಿದ್ದರೆ ಎರಡು ನಿಮಿಷವಾಗಲಿ, ಹತ್ತು ನಿಮಿಷವಾಗಲಿ, ಹನಿ ಹನಿಯಾಗಿಯೇ ಇರುತ್ತದೆ. ಆ ವೈರಸ್ ಮೊದಲು ತಿನ್ನುವುದೇ ರಕ್ತ ಕಾಯುವ ಕಣಗಳನ್ನು ಮತ್ತು ಆ ಕಣಗಳು ಹುಟ್ಟುವ ಜಾಗವನ್ನು. ಕಾವಲಿನವರೇ ಹೋದ ಮೇಲೆ ಗಾಯ ಮುಚ್ಚುವವರು ಯಾರು? ತಲೆಯ ಚಿಪ್ಪಿನ ಮೇಲೆ ಬಿಳಿಚುಕ್ಕೆ ಏಳುವುದು ಆಮೇಲೆ, ರಾಶಿ ರಾಶಿ ಸಾಯುವುದು ಅದಕ್ಕೂ ಆಮೇಲೆ. ರಕ್ತ ಮಾತ್ರ ಒಂದೆರಡು ದಿನ ಮೊದಲೇ ಸುದ್ದಿ ಹೇಳುತ್ತದೆ.

ಅವಳು ಸೇರಿದ ಮೂರನೇ ವರ್ಷ ಈ ರೋಗ ಒಂಬತ್ತು ಹೊಂಡಗಳನ್ನೂ ಐದೇ ದಿನದಲ್ಲಿ ಬರಿದು ಮಾಡಿತ್ತು. ಒಂದೇ ಕಾಲುವೆಯ ನೀರು ಎಲ್ಲ ಹೊಂಡಕ್ಕೂ. ಒಬ್ಬನ ಹೊಂಡದ ರೋಗ ಇನ್ನೊಬ್ಬನ ಮನೆಗೆ ಹೋಗಲು ಕಡಲು ಉಕ್ಕಿ ಬರುವ ಒಂದು ಭರತ ಸಾಕು. ಅಂದು ಎಲ್ಲರೂ ತಲೆ ಮೇಲೆ ಕೈ ಹೊತ್ತು ಏರಿಯ ಮೇಲೆ ಕೂತಿದ್ದರು. ಆಮೇಲೆ ಸಂಘ ಒಂದು ಕಟ್ಟುಪಾಡು ಮಾಡಿತು: ಯಾವ ಹೊಂಡದ ರಕ್ತ ನೋಡಿ ಸೂಜಿಯಕ್ಕ 'ನೀರು' ಎನ್ನುತ್ತಾಳೋ ಆ ಹೊಂಡದ ತೂಬು ಆಗಲೇ ಮುಚ್ಚಬೇಕು, ಬ್ಲೀಚಿಂಗ್ ಪುಡಿ ಸುರಿದು ಒಳಗಿದ್ದುದೆಲ್ಲ ಅಲ್ಲೇ ಸಾಯಬೇಕು, ಒಂದು ಸಿಗಡಿಯೂ ಹೊರಗೆ ಬರಕೂಡದು. 'ದಾರ' ಎಂದರೆ ಎಲ್ಲರೂ ಮನೆಗೆ ಹೋಗಿ ಕಾಫಿ ಕುಡಿಯಬಹುದು. ಹದಿನಾಲ್ಕು ವರ್ಷದಲ್ಲಿ ಅವಳು ನಾಲ್ಕು ಸಲ ನೀರು ಎಂದಿದ್ದಾಳೆ. ನಾಲ್ಕು ಸಲವೂ ಒಂದೇ ಹೊಂಡ ಹೋಗಿ ಎಂಟು ಉಳಿದಿವೆ.

ಬರೆದಿಡದ ಇನ್ನೊಂದು ಪದ್ಧತಿ ಅವಳದ್ದೇ. ಮೊದಲ ಹತ್ತು ಹನಿ ಕಟ್ಟದಿದ್ದರೆ ಅವಳು ಏನೂ ಹೇಳುತ್ತಿರಲಿಲ್ಲ. ಹೊಂಡದವರ ಕೈಗೆ ಬೀಸುಬಲೆ ಕೊಟ್ಟು, ಬೇರೆ ಮೂಲೆಯಿಂದ ಹೊಸ ಹತ್ತು ಸಿಗಡಿ ತರಿಸಿ, ಎರಡನೇ ಸಲ ನೋಡಿದ ಮೇಲೆಯೇ ಬಾಯಿ ಬಿಡುತ್ತಿದ್ದಳು. ಎರಡನೇ ಹೊಂಡದ ಮುದುಕಿ ಒಮ್ಮೆ ಬಕೆಟ್ಟಿಗೆ ನೀರನ್ನೇ ಹಾಕದೆ ಉರಿಬಿಸಿಲಲ್ಲಿ ಸಿಗಡಿ ಹೊತ್ತು ತಂದಿದ್ದಳು. ಬೆಂದು ಬಸವಳಿದ ಅವುಗಳ ರಕ್ತ ಕಟ್ಟಲಿಲ್ಲ. ಎರಡನೇ ಸಲ ನೋಡಿದ್ದಕ್ಕೆ ಮುದುಕಿಯ ಹೊಂಡ ಬದುಕಿತು.

ಆರನೇ ಹೊಂಡ ಅವಳ ತಮ್ಮನದ್ದು. ಅವಳಿಗಿಂತ ಹನ್ನೊಂದು ವರ್ಷ ಚಿಕ್ಕವನು. ಅವನಿಗೆ ಅಕ್ಷರ ಬರೆಯಿಸಿದವಳು, ಜ್ವರ ಬಂದಾಗ ಹೊತ್ತು ತಿರುಗಿದವಳು ಅವಳೇ. ಪ್ರೀತಿಗೆ ಕೊರತೆಯಿಲ್ಲದೆ ಬೆಳೆದ ಹುಡುಗ, ಕೈಗುಣ ಮಾತ್ರ ಶೂನ್ಯ. ಡ್ರೈವರ್ ಆದ, ಗಾಡಿ ಕಾಲುವೆಗೆ ಇಳಿಯಿತು. ಹೊಲಿಗೆ ಕಲಿತ, ಗಿರಾಕಿಯ ಅಂಗಿಗೆ ಒಂದು ತೋಳು ಉದ್ದ, ಒಂದು ಗಿಡ್ಡ. ಅವನು ಮುಟ್ಟಿದ್ದೆಲ್ಲ ಮಣ್ಣು ಎಂದು ಅವನ ಮುಂದೆಯೇ ಹೇಳಿ ನಗುವವರಿದ್ದರು, ಅವನೂ ಜೊತೆಗೆ ನಗುತ್ತಿದ್ದ. ನಲವತ್ತು ದಾಟಿದ ಮೇಲೆ ಆರನೇ ಹೊಂಡ ಅವನ ಪಾಲಿಗೆ ಬಂತು, ನೋಡಿ, ಆಸಾಮಿಯೇ ಬದಲಾದ. ನೀರಿನ ಬಣ್ಣ ನೋಡಿ ಮೇವು ಅಳೆಯುತ್ತಿದ್ದ. ಗಾಳಿ ಕೊಡುವ ಯಂತ್ರದ ಸದ್ದು ಸ್ವಲ್ಪ ಬದಲಾದರೂ ಊಟದ ಮುಂದಿನಿಂದ ಎದ್ದು ಓಡುತ್ತಿದ್ದ. ಆ ಬಾರಿ ಅವನ ಸಿಗಡಿ ಒಂಬತ್ತೂ ಹೊಂಡಗಳಲ್ಲಿ ದೊಡ್ಡದಾಗಿ ಬೆಳೆದಿತ್ತು. ಮುಂದಿನ ವಾರ ಬಲೆ ಹಾಕುವುದಿತ್ತು. ಜೀವನದಲ್ಲಿ ಮೊದಲ ಬಾರಿಗೆ ನಾಲ್ಕು ಜನ ಅವನ ಹತ್ತಿರ ಬಂದು, ಹೇಗೆ ಮಾಡಿದೆಯೋ ಮಾರಾಯ ಎಂದು ಕೇಳುತ್ತಿದ್ದರು. ಅಕ್ಕನಿಗೆ ಅದನ್ನು ಕೇಳಿ ಹೊಟ್ಟೆ ತಣ್ಣಗಾಗುತ್ತಿತ್ತು.

ಅಮಾವಾಸ್ಯೆಯಾಗಿ ಎರಡು ದಿನವಾಗಿತ್ತು. ಆ ಹೊತ್ತಿಗೆ ಸಿಗಡಿಗಳು ಒಟ್ಟೊಟ್ಟಿಗೆ ಪೊರೆ ಬಿಡುವುದು ಸಾಮಾನ್ಯ. ಪೊರೆ ಬಿಟ್ಟವು ಮೆತ್ತಗಾಗಿ, ತಿನ್ನದೆ, ಮೂಲೆ ಸೇರುತ್ತವೆ. ಆದರೆ ರೋಗ ಬಂದವೂ ತಿನ್ನುವುದಿಲ್ಲ, ಅವೂ ದಡಕ್ಕೆ ಬರುತ್ತವೆ. ಬೆಳಿಗ್ಗೆ ಮೇವಿನ ತಟ್ಟೆ ಎತ್ತಿದರೆ ಹಾಕಿದ ಮೇವು ಹಾಗೇ ಇತ್ತು, ದಡದಲ್ಲಿ ಏಳೆಂಟು ಸಿಗಡಿ ಮಂಕಾಗಿ ನಿಂತಿದ್ದವು. ತಮ್ಮ ಮುಚ್ಚಿಡಲಿಲ್ಲ. ತಾನೇ ಹತ್ತು ಸಿಗಡಿ ಹಿಡಿದು ಅಕ್ಕನ ಕೋಣೆಗೆ ತಂದ. ಸುದ್ದಿ ಅವನಿಗಿಂತ ಮುಂಚೆ ಬಂದು ಮುಟ್ಟಿತ್ತು. ಎಂಟು ಹೊಂಡದವರೂ ಬಾಗಿಲಲ್ಲಿ ನಿಂತಿದ್ದರು. ಹತ್ತೂವರೆಗೆ ಭರತ ಏರುತ್ತದೆ, ಅಷ್ಟರಲ್ಲಿ ತೂಬಿನ ವಿಷಯ ತೀರ್ಮಾನವಾಗಬೇಕಿತ್ತು. ಆಗ ಗಂಟೆ ಒಂಬತ್ತು.

ನಾಲ್ಕನೇ ಹೊಂಡದವನಿಗೆ ಒಂದು ಕಾಯಿಲೆಯಿದೆ, ಮನಸ್ಸಿಗೆ ಬಂದದ್ದು ಬಾಯಿಗೂ ಬರಬೇಕು. ಅವನು ಯಾರಿಗೋ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದ:

"ಇವತ್ತು ನೋಡೋಣ, ತಮ್ಮನ ಹೊಂಡ ಅಂದ್ರೆ ಎಷ್ಟು ಸಲ ನೋಡ್ತಾರೆ ಅಂತ."

ಇಬ್ಬರು ಕಿಸಕ್ಕೆಂದರು. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ಆದರೆ ಆ ಮಾತು ಸೂಜಿಯಕ್ಕನಿಗೆ ನಾಟಿತು. ಅವಳು ಮೇಜಿನ ಈಚೆ ಬದಿಯಲ್ಲಿ ಬಾಗಿಲಿಗೆ ಮುಖ ಮಾಡಿ ಕೂರುವವಳು. ಅಂದು ಅವರ ಮುಖಗಳನ್ನು ನೋಡುತ್ತ ಕೆಲಸ ಮಾಡಲಾರೆ ಎನಿಸಿ ಕುರ್ಚಿಯನ್ನು ಎತ್ತಿ ಆಚೆ ಬದಿಗೆ ಹಾಕಿದಳು. ಬಾಗಿಲಿಗೆ ಬೆನ್ನು ಮಾಡಿ ಕೂತು, ಮೊದಲ ಸಿಗಡಿಯನ್ನು ಬಟ್ಟೆಯಲ್ಲಿ ಸುತ್ತಿದಳು.

ಎಡಕ್ಕೆ ಕೈ ಹಾಕಿ ಸಿರಿಂಜು ತೆಗೆದಳು, ಹನಿ ಬಿಟ್ಟಳು, ಗಡಿಯಾರ ನೋಡಿದಳು. ಒಂದು ನಿಮಿಷ, ಎರಡು, ನಾಲ್ಕು. ಸೂಜಿಯ ತುದಿಗೆ ದಾರ ಬರಲಿಲ್ಲ. ಎರಡನೆಯದೂ ಹಾಗೇ. ರೂಢಿಯಂತೆ ಪ್ರತಿಯೊಂದರಿಂದಲೂ ಬಲಗಡೆಯ ಸಿರಿಂಜಿನಲ್ಲಿ ಇನ್ನೊಂದಿಷ್ಟು ರಕ್ತ ತೆಗೆದು, ಆಮೇಲೆ ಎಣಿಸಲೆಂದು ಪುಟ್ಟ ಸೀಸೆಗಳಿಗೆ ಬಿಟ್ಟು ಫ್ರಿಜ್ಜಿಗೆ ಸೇರಿಸಿದಳು. ಹತ್ತು ಗಾಜಿನ ಪಟ್ಟಿಗಳ ಮೇಲೆ ಹತ್ತು ಹನಿಗಳು ಹಾಗೇ ಮಿರುಗುತ್ತ ಕೂತಿದ್ದವು.

ತಮ್ಮ ಆಗಲೇ ಮೂಲೆಯಿಂದ ಬೀಸುಬಲೆ ತೆಗೆದು ಹೆಗಲಿಗೆ ಹಾಕಿಕೊಂಡಿದ್ದ. ಪದ್ಧತಿ ಅವನಿಗೂ ಗೊತ್ತಿತ್ತು. ಗಡಿಯಾರದಲ್ಲಿ ಹತ್ತು ಗಂಟೆ. ಓಡಿಹೋಗಿ ಬಂದರೆ ಹೊತ್ತು ಸಾಲುತ್ತಿತ್ತು. ಸೂಜಿಯಕ್ಕನ ಬೆನ್ನ ಹಿಂದೆ ಎಂಟು ಹೊಂಡದವರೂ ನಿಂತೇ ಇದ್ದರು. ಅವರು ಏನು ಕಾಯುತ್ತಿದ್ದಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನೀರು," ಅಂದಳು. "ತೂಬು ಹಾಕಿ."

ತಮ್ಮ ಹೆಗಲಿನಿಂದ ಬಲೆ ಇಳಿಸಿದ. ಅದನ್ನು ಇದ್ದ ಜಾಗಕ್ಕೇ ಮಡಚಿಟ್ಟು ಹೊರಗೆ ಹೋದ. ಬ್ಲೀಚಿಂಗ್ ಪುಡಿಯ ಮೂಟೆಗಳನ್ನು ಹೊರಲು ಬೇರೆಯವರು ಬಂದರೂ ಬಿಡದೆ ತಾನೇ ಹೊತ್ತ. ಯಾರೋ ಅಯ್ಯೋ ಪಾಪ ಎಂದಿದ್ದಕ್ಕೆ, ಅಕ್ಕ ಹೇಳಿದ ಮೇಲೆ ಮುಗೀತು ಎಂದನಂತೆ. ಮಧ್ಯಾಹ್ನದ ಹೊತ್ತಿಗೆ ಆರನೇ ಹೊಂಡದಲ್ಲಿ ಒಂದು ಜೀವವೂ ಮಿಸುಕುತ್ತಿರಲಿಲ್ಲ. ನಾಲ್ಕನೇ ಹೊಂಡದವನು ಸೂಜಿಯಕ್ಕನ ಕೋಣೆಗೆ ಬಂದು, ನಿಮ್ಮಂಥವರು ಸಾವಿರಕ್ಕೊಬ್ಬರು ಎಂದು ಹೊಗಳಿಹೋದ. ಅದನ್ನು ಕೇಳಿ ಅವಳಿಗೆ ಸ್ವಲ್ಪ ಹಿತವೂ ಆಯಿತು, ಸುಳ್ಳೇಕೆ ಹೇಳಲಿ.

ಮಾರನೆಯ ಬೆಳಿಗ್ಗೆ ಕಣ ಎಣಿಸಿ ಬರೆದಿಡಲೆಂದು ಫ್ರಿಜ್ಜಿನಿಂದ ಸೀಸೆಗಳನ್ನು ತೆಗೆದಳು. ಮೊದಲ ಸೀಸೆಯನ್ನು ಓರೆ ಮಾಡಿದಳು, ರಕ್ತ ಹರಿಯಲಿಲ್ಲ. ತಲೆಕೆಳಗು ಮಾಡಿದಳು, ಆಗಲೂ ಬೀಳಲಿಲ್ಲ. ಒಳಗೆ ತಿಳಿನೀಲಿಯ ಒಂದು ಗಟ್ಟಿ ಮುದ್ದೆ ಕೂತಿತ್ತು. ಹತ್ತು ಸೀಸೆಗಳಲ್ಲೂ ಹಾಗೇ ಇತ್ತು.

ರೋಗದ ರಕ್ತ ಕಟ್ಟುವುದಿಲ್ಲ, ಇದು ಕಟ್ಟಿತ್ತು. ಅದರಲ್ಲೂ ಇದು ಕಟ್ಟದಂತೆ ತಡೆಯುವ ದ್ರವ ಹಾಕಿ ತೆಗೆದ ರಕ್ತ, ಆರೋಗ್ಯದ್ದಾದರೂ ಕಟ್ಟಬಾರದಿತ್ತು. ಮೇಜಿನ ಬಳಿ ಹೋಗಿ ತಟ್ಟೆಗಳಲ್ಲಿ ಉಳಿದಿದ್ದ ಸಿರಿಂಜುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಹಿಂದಿನ ದಿನ ತನ್ನ ಎಡಕ್ಕಿದ್ದ ತಟ್ಟೆಯ ಸಿರಿಂಜುಗಳಿಂದ ಎರಡೆರಡು ಹನಿ ದ್ರವ ಬಂತು. ಬಲಕ್ಕಿದ್ದವು ಒಣಗಿದ್ದವು. ಕುರ್ಚಿ ಇನ್ನೂ ಆಚೆ ಬದಿಯಲ್ಲೇ ಇತ್ತು. ಅವಳು ತಿರುಗಿ ಕೂತಿದ್ದಳು, ತಟ್ಟೆಗಳು ತಿರುಗಿರಲಿಲ್ಲ. ಕಟ್ಟುತ್ತದೋ ಎಂದು ನೋಡುವ ಹನಿಗೆ ಕಟ್ಟದಂತೆ ಮಾಡುವ ದ್ರವವನ್ನು ತಾನೇ ಬೆರೆಸಿ, ನಾಲ್ಕು ನಿಮಿಷ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಳು. ತಮ್ಮನ ಸಿಗಡಿ ಪೊರೆ ಬಿಟ್ಟಿದ್ದವು, ಅಷ್ಟೇ. ಅವಕ್ಕೆ ಏನೂ ಆಗಿರಲಿಲ್ಲ.

ಮೊದಲು ಅವಳು ಹೋದದ್ದು ಸಂಘದ ಹಿರಿಯನ ಹತ್ತಿರ. ಅವನು ಸೀಸೆ ತಿರುಗಿಸಿ ನೋಡಿದ, ಬಹಳ ಹೊತ್ತು ಗಡ್ಡ ಕೆರೆದುಕೊಂಡ. ಮಿಂಚಿಹೋದ ಕಾಲಕ್ಕೆ ಚಿಂತಿಸಿ ಏನು ಫಲ, ಈ ಸೀಸೆಗಳನ್ನು ಇಲ್ಲೇ ತೊಳೆದುಬಿಡು ಎಂದ. ಇದು ಹೊರಗೆ ಬಿದ್ದರೆ ನಾಳೆ ನಿಜವಾಗಿ ರೋಗ ಬಂದಾಗ ನೀನು ನೀರು ಎಂದರೂ ಯಾರೂ ತೂಬು ಹಾಕುವುದಿಲ್ಲ, ಒಂಬತ್ತೂ ಹೊಂಡ ಹೋಗುತ್ತವೆ ಎಂದ. ಅವನು ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಅವಳಿಗೆ ಅದು ಅರ್ಥವೂ ಆಯಿತು. ಒಂದು ಸೀಸೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತಮ್ಮನ ಮನೆಗೆ ನಡೆದಳು.

ತಮ್ಮ ಅಡುಗೆಮನೆಯ ನೆಲದಲ್ಲಿ ಕೂತು ಬಲೆಯ ಹರುಕು ಹೆಣೆಯುತ್ತಿದ್ದ. ಪುಡಿ ತಾಗಿ ಅವನ ಬೆರಳುಗಳ ಚರ್ಮ ಸುಲಿದಿತ್ತು. ಅವನ ಹೆಂಡತಿ ಒಲೆಯ ಮುಂದಿದ್ದಳು; ಅತ್ತಿಗೆ ಬಂದರೆಂದು ಮಣೆ ಹಾಕಿದಳು. ಸೂಜಿಯಕ್ಕ ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದಳು, ಕುರ್ಚಿ ತಿರುಗಿಸಿದ್ದು, ತಟ್ಟೆ, ಸೀಸೆ, ಎಲ್ಲ. ಸೀಸೆಯನ್ನು ತಮ್ಮನ ಮುಂದೆ ತಲೆಕೆಳಗಾಗಿಟ್ಟಳು.

ಮೊದಲು ಮಾತಾಡಿದವಳು ತಮ್ಮನ ಹೆಂಡತಿ. "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ ಅತ್ತಿಗೆ, ಅದು ನೀವೇ," ಎಂದು ಒಲೆ ಆರಿಸಿ ಹಿತ್ತಲಿಗೆ ಹೋದಳು.

ತಮ್ಮ ಸೀಸೆಯನ್ನು ಎತ್ತಿ ಬೆಳಕಿಗೆ ಹಿಡಿದ. ಕೂಗಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವನು ಕೂಗಾಡಲಿಲ್ಲ.

"ತಟ್ಟೆ ತಪ್ಪಿದ್ದು ಬಿಡು," ಅಂದ. "ಯಾರಿಗಾದ್ರೂ ಆಗತ್ತೆ. ಬೇರೆಯವರ ಹೊಂಡ ಆಗಿದ್ರೆ ನೀನು ಇನ್ನೊಂದು ಸಲ ನೋಡ್ತಿದ್ದೆ, ಅಲ್ವಾ ಅಕ್ಕ?"

ಇಲ್ಲ ಎನ್ನಬಹುದಿತ್ತು. ಭರತದ ನೆಪ ಕೈಯಲ್ಲೇ ಇತ್ತು.

"ನೋಡ್ತಿದ್ದೆ," ಅಂದಳು.

ಅವನು ತಲೆಯಾಡಿಸಿ ಸೀಸೆಯನ್ನು ಅವಳ ಕೈಗೆ ಕೊಟ್ಟು ಮತ್ತೆ ಬಲೆಗೆ ಕೈ ಹಾಕಿದ. ಅವನ ಸುಲಿದ ಬೆರಳುಗಳನ್ನು ನೋಡುತ್ತ ಅವಳಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಮದ್ದು ಹಚ್ಚಿದೆಯಾ ಎಂದು ಕೇಳಲೂ ಬಾಯಿ ಬರಲಿಲ್ಲ.

ಸಂಜೆ ಐದಕ್ಕೆ ಸಂಘದ ಸಭೆ, ಮೇವಿನ ಗೋದಾಮಿನಲ್ಲಿ. ಬೆಂಚುಗಳ ಮೇಲೆ ಎಲ್ಲರೂ ಮನೆಮಂದಿ ಸಮೇತ ಬಂದು ಕೂತಿದ್ದರು. ಹಿರಿಯ ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದರೂ ಸೂಜಿಯಕ್ಕ ಎದ್ದು ನಿಂತು, ಆರನೇ ಹೊಂಡಕ್ಕೆ ರೋಗ ಇರಲಿಲ್ಲ, ತಟ್ಟೆ ಅದಲುಬದಲಾಗಿ ತಾನು ತಪ್ಪು ನೋಡಿದೆ ಎಂದು ಹೇಳಿದಳು. ಸೀಸೆ ಕೈಯಿಂದ ಕೈಗೆ ಹೋಯಿತು. ಆಮೇಲೆ ನಾಲ್ಕನೇ ಹೊಂಡದವನೇ ಕೇಳಿದ, ಯಾವಾಗಲೂ ಎರಡನೇ ಸಲ ನೋಡುವವರು ನಿನ್ನೆ ಯಾಕೆ ನೋಡಲಿಲ್ಲ ಎಂದು. ತಾನು ಬಾಗಿಲಲ್ಲಿ ಏನು ಹೇಳಿದ್ದೆ ಎಂಬುದು ಅವನಿಗೆ ನೆನಪೇ ಇದ್ದಂತಿರಲಿಲ್ಲ.

ಅವಳು ಬಾಯಿ ತೆರೆಯುವ ಮೊದಲು ಹಿಂದಿನ ಬೆಂಚಿನಿಂದ ತಮ್ಮ ಎದ್ದ.

"ಅಕ್ಕನ ಹತ್ತಿರ ಮೆಲ್ಲಗೆ ನಾನೇ ಬೇಡ ಅಂದೆ," ಎಂದ. "ನೀರು ಏರೋ ಹೊತ್ತಾಗಿತ್ತು. ನಿಮ್ಮ ಹೊಂಡಗಳಿಗೆ ಬಂದ್ಬಿಟ್ರೆ ಅಂತ ಹೆದರಿ ನಾನೇ ಬೇಡ ಅಂದೆ."

ಜನ ಹೂಂಗುಟ್ಟಿದರು. ಹಿರಿಯನ ಮುಖ ಅರಳಿತು. ಹಾವೂ ಸಾಯದೆ ಕೋಲೂ ಮುರಿಯದೆ ಮುಗಿಯಿತಲ್ಲ ಎಂಬ ಸಮಾಧಾನ ಅವನದು. ನಾಲ್ಕನೇ ಹೊಂಡದವನು, ಪಾಪ, ಒಳ್ಳೆಯದಕ್ಕೇ ಅಂದದ್ದು ಎಂದು ತಮ್ಮನ ಕಡೆ ತಿರುಗಿ ಹೇಳಿದ. ಮುಟ್ಟಿದ್ದೆಲ್ಲ ಮಣ್ಣಾದರೂ ಮನಸ್ಸು ಮಾತ್ರ ಚಿನ್ನ ಎಂದು ಯಾರೋ ಸೇರಿಸಿದರು, ಕೆಲವರು ನಕ್ಕರು.

ಆ ನಗು ಕೇಳಿ ಸೂಜಿಯಕ್ಕನಿಗೆ ತಡೆಯಲಾಗಲಿಲ್ಲ.

"ಅವನು ಹೇಳ್ತಿರೋದು ಸುಳ್ಳು," ಅಂದಳು. "ಅವನು ಬಲೆ ಹಿಡ್ಕೊಂಡು ನಿಂತಿದ್ದ. ಹೊತ್ತೂ ಇತ್ತು. ನೀವೆಲ್ಲ ಬಾಗಿಲಲ್ಲಿ ನಿಂತಿದ್ರಿ, ತಮ್ಮ ಅಂತ ಇನ್ನೊಂದು ಸಲ ನೋಡಿದ್ಲು ಅಂತೀರಿ ಅಂತ ಹೆದರಿ ನಾನು ನೋಡ್ಲಿಲ್ಲ. ನಿಮಗೆಲ್ಲ ಮಾಡಿದ್ದನ್ನ ಅವನೊಬ್ಬನಿಗೆ ಮಾಡ್ಲಿಲ್ಲ. ಅವನ ಸಿಗಡಿಗೆ ಏನೂ ಆಗಿರ್ಲಿಲ್ಲ. ಒಂಬತ್ತು ಹೊಂಡದಲ್ಲೂ ಅಷ್ಟು ಚೆನ್ನಾಗಿ ಸಾಕಿದೋರು ಇನ್ಯಾರೂ ಇಲ್ಲ."

ನಾಲ್ಕನೇ ಹೊಂಡದವನು ತನ್ನ ಚಪ್ಪಲಿ ನೋಡುತ್ತ ಕೂತ. ತಮ್ಮ ಇನ್ನೂ ನಿಂತೇ ಇದ್ದ. ಕಣ್ಣು ಒರೆಸಿಕೊಳ್ಳಲು ಹೋಗಿ ಸುಲಿದ ಬೆರಳಿಗೆ ಉಪ್ಪು ತಾಗಿ ಕೈ ಒದರಿದ. ಹಿಂದಿನ ಬೆಂಚಿನಲ್ಲಿ ಅವನ ಹೆಂಡತಿ ಸೂಜಿಯಕ್ಕನ ಮುಖ ನೋಡದೆಯೇ ಸ್ವಲ್ಪ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟಳು.